ಒಂದೇ ಸ್ಟೇಷನ್ ಕೇಳಿ ಬೇಸರ ಆಗುತ್ತಿರಲಿಲ್ಲವೇ?

ಪ್ರಿಯ ತಂಗಿ,

ಜಮಖಂಡಿಯ ಮನೆಯ ಅಟ್ಟದಲ್ಲಿ ಅಜ್ಜನ ಟ್ರಾನ್ಸಿಸ್ಟರ್ ಸಿಕ್ಕಿದ ಸುದ್ದಿ ಬರೆದಿದ್ದೀರಿ. ಜತೆಗೆ ಎರಡು ಪ್ರಶ್ನೆ ಕೇಳಿದ್ದೀರಿ. ‘ಅಜ್ಜ ಬೆಳಗಿನಿಂದ ರಾತ್ರಿವರೆಗೆ ಧಾರವಾಡ ಸ್ಟೇಷನ್ ಒಂದನ್ನೇ ಹಾಕಿಕೊಂಡು ಕೂಡುತ್ತಿದ್ದರಂತೆ. ಅದರಲ್ಲಿ ಅಷ್ಟೇನು ಬರುತ್ತಿತ್ತು, ಬೇಸರ ಆಗುತ್ತಿರಲಿಲ್ಲವೇ?’ ಇದು ಮೊದಲನೆಯದು. ‘ಆ ರೇಡಿಯೊ ಈಗ ಹತ್ತುತ್ತದೆಯೇ?’ ಇದು ಎರಡನೆಯದು. ಇಂಥ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ನಾನು ಗುಳೇದಗುಡ್ಡದವನು. ನಮ್ಮದು ಖಣ ನೇಯುವ ಮನೆ. 1978-79ರಲ್ಲಿ ನಾನು ಐದನೇ ಇಯತ್ತೆಯಲ್ಲಿದ್ದೆ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುತ್ತಿದ್ದ. ರೇಡಿಯೊ ಗೋಡೆಯ ಮಾಡದಲ್ಲಿ ಇರುತ್ತಿತ್ತು, ಅಪ್ಪನ ಕೈಗೆ ಎಟುಕದಷ್ಟು ದೂರ. ಅವ್ವ ಆಚೆ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರ ಕೈಯೂ ಕೆಲಸದಲ್ಲಿ. ಹೀಗಾಗಿ ಬಂದದ್ದನ್ನೆಲ್ಲ ಕೇಳುವುದು, ಅಷ್ಟೇ. ನಾನು ಎದ್ದು ಸ್ಟೇಷನ್ ಬದಲಿಸಲು ಅದರ ಕಿವಿ ಹಿಂಡಲು ಹೋದರೆ ಅಪ್ಪ, ‘ಇರಲಿ ಬಿಡೊ, ಮುಟ್ಟಬ್ಯಾಡ’ ಅನ್ನುತ್ತಿದ್ದ.

ಬೇಸರ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹತ್ತು ವರ್ಷದ ಹುಡುಗನಿಗೆ ಜೋಳದ ಸುಳಿ ನೊಣಕ್ಕೆ ಯಾವ ಔಷಧ ಹೊಡೆಯಬೇಕು ಎಂಬುದು ಬೇಸರವೇ. ಆದರೆ ಆ ಬೇಸರವನ್ನು ದಾಟಿದ ಮೇಲೆ ಏನು ಬರುತ್ತದೆ ಎಂಬುದು ಗೊತ್ತಿರುತ್ತಿರಲಿಲ್ಲ. ನನ್ನ ಕಿವಿ ಬೆಳೆದದ್ದು ಅಲ್ಲೇ.

ದಿನ ಶುರುವಾಗುವುದು ಆಕಾಶವಾಣಿಯ ಆ ಗುರುತಿನ ನಾದದಿಂದ. ತಂಬೂರಿಯ ಮೇಲೆ ಪಿಟೀಲು. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ. ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು ಮುಂಬೈಗೆ ಬಂದವರು. ಊರು ಬಿಟ್ಟು ಬಂದವನೊಬ್ಬ ಕಟ್ಟಿದ ಧ್ವನಿ ಇಡೀ ದೇಶವನ್ನು ಎಬ್ಬಿಸುತ್ತಿತ್ತು. ಇದು ತಿಳಿದದ್ದು ದೊಡ್ಡವನಾದ ಮೇಲೆ. ಆಗ ಅದು ನಮಗೆ ನೀರಿಗೆ ಹೋಗುವ ಹೊತ್ತು, ಅಷ್ಟೇ.

ಆಮೇಲೆ ವಂದೇ ಮಾತರಂ, ಶಹನಾಯಿ, ವಚನ, ದಾಸರ ಪದ. 6-55ಕ್ಕೆ ದಿಲ್ಲಿಯಿಂದ ಸಂಸ್ಕೃತ ವಾರ್ತೆ. ಅದು ಶುರುವಾದದ್ದು 1974ರಲ್ಲಿ. ‘ಇಯಂ ಆಕಾಶವಾಣೀ’ ಎಂದರೆ ನಮ್ಮ ಓಣಿಯ ಎಲ್ಲ ಹುಡುಗರಿಗೂ ಬಾಯಿಪಾಠ, ಮುಂದಿನ ಒಂದು ಮಾತೂ ತಿಳಿಯುತ್ತಿರಲಿಲ್ಲ. ಬಳಿಕ ಪ್ರದೇಶ ಸಮಾಚಾರ. 7-35ಕ್ಕೆ ದಿಲ್ಲಿಯ ಕನ್ನಡ ವಾರ್ತೆ. ರಂಗರಾವ್ ಅವರ ಧ್ವನಿ, ಉಪೇಂದ್ರರಾವ್ ಅವರ ಧ್ವನಿ ಮನೆಯ ಹಿರಿಯರ ಧ್ವನಿಯಷ್ಟೇ ಪರಿಚಿತ. ವಾರ್ತೆ ಮುಗಿಯುವುದರೊಳಗೆ ಅವ್ವನ ರೊಟ್ಟಿ ಬುಟ್ಟಿ ತುಂಬಿರಬೇಕು, ನನ್ನ ಸ್ನಾನ ಆಗಿರಬೇಕು. ಗಡಿಯಾರ ಇಲ್ಲದ ಮನೆಗಳು ಜಾಸ್ತಿ ಇದ್ದವು. ನಮ್ಮದೂ ಒಂದು.

ಇಡೀ ದಿನ ಸ್ಟೇಷನ್ ನಡೆಯುತ್ತಿರಲಿಲ್ಲ ಎಂಬುದು ನಿಮಗೆ ಹೊಸದಾಗಿರಬಹುದು. ಪ್ರಸಾರ ಮೂರು ಹೊತ್ತು. ನಡುವೆ ಮುಚ್ಚಿಬಿಡುತ್ತಿತ್ತು. ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ, ಶಾಲೆಯ ಪಾಠ, ಕೋರಿಕೆಯ ಚಿತ್ರಗೀತೆ. ಸಂಜೆ ರೈತರ ಕಾರ್ಯಕ್ರಮ, ಪೇಟೆ ಧಾರಣೆ, ಯುವವಾಣಿ, ನಾಟಕ. ಎಲ್ಲ ಬರೆಯುತ್ತ ಹೋದರೆ ಪುಟ ಸಾಲುವುದಿಲ್ಲ.

ಆದರೆ ರಾತ್ರಿಯದನ್ನು ಬಿಡಲಾರೆ. ಶನಿವಾರ ರಾತ್ರಿ ಒಂಬತ್ತೂವರೆಗೆ ದಿಲ್ಲಿಯಿಂದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ. 1952ರಲ್ಲಿ ಆರಂಭವಾದದ್ದು. ದೊಡ್ಡ ದೊಡ್ಡ ಕಲಾವಿದರು ಒಂದೂವರೆ ತಾಸು ಹಾಡುತ್ತಿದ್ದರು. ಟಿಕೆಟ್ ಇಲ್ಲ, ಆಮಂತ್ರಣ ಇಲ್ಲ. ಇನ್ನು ಧಾರವಾಡ ಕೇಂದ್ರದ ಪುಣ್ಯವೇ ಬೇರೆ. ಅದು 1950ರ ಜನವರಿಯಲ್ಲಿ ಆರಂಭವಾಯಿತು. ಅದರ ಸುತ್ತಮುತ್ತಲೇ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇದ್ದರು. ಮನ್ಸೂರರು ಆ ಕೇಂದ್ರದ ಸಂಗೀತ ಸಲಹೆಗಾರರೂ ಆಗಿದ್ದರು. ನಮ್ಮಪ್ಪ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಒಂದು ರಾಗದ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಆದರೆ ಮನ್ಸೂರರು ಬಾಯಿ ತೆರೆದರೆ ಲಾಳಿ ಒಂದು ಕ್ಷಣ ನಿಲ್ಲುತ್ತಿತ್ತು. ‘ಇದು ದೀಪ ಹಚ್ಚೂ ಹೊತ್ತಿಂದು’ ಎನ್ನುತ್ತಿದ್ದ, ‘ಇದು ನಸುಕಿಂದು’ ಎನ್ನುತ್ತಿದ್ದ. ಜಾಸ್ತಿ ತಪ್ಪುತ್ತಿರಲಿಲ್ಲ. ಅವನು ಆ ಸಂಗೀತವನ್ನು ಹುಡುಕಿಕೊಂಡು ಹೋದವನಲ್ಲ. ಧಾರಣೆ ಕೇಳಲು ಹಚ್ಚಿದ ರೇಡಿಯೊದಲ್ಲಿ ಅದು ತಾನಾಗಿ ಬಂತು. ಇವತ್ತು ನನ್ನ ಫೋನಿನಲ್ಲಿ ಎಲ್ಲ ಹಾಡೂ ಇವೆ. ನಾನು ಕೇಳುವುದು ಮಾತ್ರ ಮೊದಲೇ ಇಷ್ಟವಾದ ಹತ್ತಿಪ್ಪತ್ತನ್ನು. ಹಾಗಾದರೆ ಒಂದೇ ಸ್ಟೇಷನ್ ಯಾರದು, ಅಪ್ಪನದೋ ನನ್ನದೋ?

ಹಾಗಂತ ರೇಡಿಯೊ ಮಾಡಿದ್ದೆಲ್ಲ ಸರಿ ಅನ್ನಲಾರೆ. 1940ರಿಂದ 1971ರವರೆಗೆ ಅಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಅದು ಪರದೇಶದ ವಾದ್ಯ, ನಮ್ಮ ಶ್ರುತಿಗಳು ಅದರಲ್ಲಿ ನುಡಿಯುವುದಿಲ್ಲ ಎಂಬ ವಾದ. ಪಂಡಿತ್ ರಾಮಭಾವು ಬಿಜಾಪುರೆ ಅವರಂಥ ಹಾರ್ಮೋನಿಯಂ ಗುರು ಇದ್ದ ಊರು ನಮ್ಮ ಬೆಳಗಾವಿ. ಆ ವಾದ್ಯವನ್ನು ಮೂವತ್ತು ವರ್ಷ ಹೊರಗೆ ನಿಲ್ಲಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಸಿನಿಮಾ ಹಾಡಿನ ಕಥೆಯೂ ಅಂಥದ್ದೇ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ಅವನ್ನು ದೂರ ಇಟ್ಟರು. ಜನ ಸುಮ್ನೆ ಮುಳ್ಳು ತಿರುಗಿಸಿ ಲಂಕೆಯ ರೇಡಿಯೊ ಸಿಲೋನ್‌ಗೆ ಹೋದರು. ಬುಧವಾರ ರಾತ್ರಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಬಂದರೆ ಓಣಿಯಲ್ಲಿ ಬೇರೆ ಸದ್ದಿಲ್ಲ. ಕಡೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ತೆರೆಯಬೇಕಾಯಿತು.

ಅದರಲ್ಲಿ ಸಂಜೆ ‘ಜಯಮಾಲಾ’ ಬರುತ್ತಿತ್ತು, ಸೈನಿಕರ ಕೋರಿಕೆಯ ಹಾಡುಗಳು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಈ ಭಾಗದ ಎಷ್ಟೋ ಮನೆಗಳಲ್ಲಿ ಫೌಜಿಗೆ ಹೋದವರಿದ್ದರು. ನಮ್ಮ ಪಕ್ಕದ ಮನೆಯ ಅಕ್ಕನ ಗಂಡನೂ ಮಿಲಿಟರಿಯಲ್ಲಿದ್ದ. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಹಾಡು ಅವಳಿಗೆ ಬೇಕಾಗಿಯೂ ಇರಲಿಲ್ಲ. ಹಾಡಿಗೆ ಮುಂಚೆ ಓದುವ ಹೆಸರುಗಳಿಗಾಗಿ ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದಳು. ಅವನ ಹೆಸರು ನಾನಿದ್ದಾಗ ಒಮ್ಮೆಯೂ ಬರಲಿಲ್ಲ. ಆದರೂ ಹೆಸರು ಓದುವಾಗ ಅಪ್ಪ ಮಗ್ಗ ನಿಲ್ಲಿಸುತ್ತಿದ್ದ, ಅವಳಿಗೆ ಸರಿಯಾಗಿ ಕೇಳಲಿ ಅಂತ.

ನನ್ನ ಅನ್ನದ ದಾರಿಯೂ ರೇಡಿಯೊದಿಂದಲೇ ಬಂತು. ಬೆಳಗಾವಿಗೆ ಬಂದು ಸಣ್ಣ ಪತ್ರಿಕೆಯೊಂದಕ್ಕೆ ಸೇರಿದೆ. ಸುದ್ದಿಸಂಸ್ಥೆಗೆ ಕಟ್ಟಲು ದುಡ್ಡಿಲ್ಲದ ಪತ್ರಿಕೆ ಅದು. ಅಂಥವರಿಗಾಗಿಯೇ ಆಕಾಶವಾಣಿಯಲ್ಲಿ ‘ಧೀಮೀ ಗತಿ ಕೇ ಸಮಾಚಾರ್’ ಎಂಬ ವಾರ್ತೆ ಇತ್ತು, ಬರೆದುಕೊಳ್ಳುವಷ್ಟು ನಿಧಾನವಾಗಿ ಓದುವ ವಾರ್ತೆ. ಒಂದು ತುಂಡು ವಾಕ್ಯ, ಅದನ್ನೇ ಮತ್ತೊಮ್ಮೆ, ಆಮೇಲೆ ಮುಂದಿನ ತುಂಡು. ನಾನು ಕಿವಿಯನ್ನು ರೇಡಿಯೊಗೆ ಹಚ್ಚಿ ಹಿಂದಿಯಲ್ಲಿ ಕೇಳಿ ಕನ್ನಡದಲ್ಲಿ ಬರೆಯುತ್ತಿದ್ದೆ. ಹಾಳೆ ತುಂಬುವ ಮುಂಚೆಯೇ ಅಚ್ಚಿನ ಮೊಳೆ ಜೋಡಿಸುವವರು ಅದನ್ನು ಎಳೆದುಕೊಂಡು ಹೋಗುತ್ತಿದ್ದರು. ಚಿಕ್ಕ ವಾಕ್ಯ ಬರೆಯುವುದನ್ನು ನನಗೆ ಕಲಿಸಿದ್ದು ಆ ವಾರ್ತೆ. ಬಡ ಪತ್ರಿಕೆಗಳಿಗಾಗಿ ಯಾರೋ ದಿಲ್ಲಿಯಲ್ಲಿ ಕೂತು ಅಷ್ಟು ತಾಳ್ಮೆಯಿಂದ ಓದುತ್ತಿದ್ದರಲ್ಲ, ಅದನ್ನು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮೊದಲು ಹಿಂದಿನ ಮುಚ್ಚಳ ತೆಗೆದು ಹಳೆಯ ಸೆಲ್ ಸೋರಿದೆಯೇ ನೋಡಿ. ಸೋರಿದ್ದರೆ ಬರಿಗೈಯಿಂದ ಮುಟ್ಟಬೇಡಿ. ಸ್ಪ್ರಿಂಗಿಗೆ ಹತ್ತಿದ ಬಿಳಿ ಪುಡಿಯನ್ನು ಒರೆಸಿ ತೆಗೆದು ಹೊಸ ಸೆಲ್ ಹಾಕಿ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಹತ್ತಿರ ಇಡಬೇಡಿ, ಬರೀ ಗರಗರ ಕೇಳುತ್ತದೆ. ಮಾಳಿಗೆ ಮೇಲೆ ಒಯ್ಯುವುದು ಒಳ್ಳೆಯದು. ಮುಳ್ಳನ್ನು ಮೀಡಿಯಂ ವೇವ್‌ನ 7 ಮತ್ತು 8ರ ನಡುವೆ ತನ್ನಿ. ಧಾರವಾಡದ್ದು 765 ಕಿಲೋಹರ್ಟ್ಸ್. ಒಳಗೆ ತಂತಿ ಸುತ್ತಿದ ಕಪ್ಪು ಕಡ್ಡಿ ಇರುತ್ತದೆ, ಅದೇ ಏರಿಯಲ್. ಅದರ ತುದಿ ಸ್ಟೇಷನ್ ಕಡೆ ಇದ್ದರೆ ಸದ್ದು ಕುಗ್ಗುತ್ತದೆ, ಅಡ್ಡಲಾಗಿದ್ದರೆ ಜೋರಾಗುತ್ತದೆ. ಧಾರವಾಡ ನಿಮಗೆ ದಕ್ಷಿಣಕ್ಕೆ ಬರುತ್ತದೆ. ರೇಡಿಯೊದ ಮುಖ ದಕ್ಷಿಣಕ್ಕಿಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ.

ಕತ್ತಲಾದ ಮೇಲೆ ಮತ್ತೊಮ್ಮೆ ಹಚ್ಚಿ. ಹಗಲು ಈ ಅಲೆಗಳನ್ನು ಹೀರುವ ಗಾಳಿಯ ಪದರೊಂದು ಮೇಲೆ ಇರುತ್ತದೆ. ಸೂರ್ಯ ಮುಳುಗಿದರೆ ಅದು ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರದ ಊರಿಗೆ ಇಳಿಯುತ್ತವೆ. ರಾತ್ರಿ ಗುರುತಿಲ್ಲದ ಭಾಷೆಗಳು ತೇಲಿ ಬರುತ್ತಿದ್ದುದು ಅದಕ್ಕೇ. ನಿಮ್ಮ ಅಜ್ಜ ಅವನ್ನೂ ಕೇಳಿರುತ್ತಾರೆ. ಯಾವ ಸ್ಟೇಷನ್ ಸಿಕ್ಕಿತು, ಯಾವ ಭಾಷೆ ಇತ್ತು, ನನಗೆ ಬರೆದು ತಿಳಿಸಿ. ಬರೀ ಗರಗರ ಬಂದರೂ ಬರೆಯಿರಿ.

ನಿಮ್ಮ,
ಸಂಪಾದಕ
ಬೆಳಗಾವಿ