ಇಂಗ್ಲೆಂಡಿನ ಎರಡು ಆಫರ್‌ಗಳಲ್ಲಿ ಯಾವುದು ಅಂತ ಕೇಳಿದ ತಂಗಿಗೆ

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ. ಒಂದು ಕಂಪನಿ ವರ್ಷಕ್ಕೆ 46,000 ಪೌಂಡ್ ಸಂಬಳ ಕೊಡುತ್ತದೆ, 20 ವಾರ ಪೂರ್ತಿ ಸಂಬಳದ ಹೆರಿಗೆ ರಜೆಯೂ ಇದೆ. ಇನ್ನೊಂದು 53,000 ಕೊಡುತ್ತದೆ, ರಜೆ ಮಾತ್ರ ಸರ್ಕಾರ ಹೇಳಿದಷ್ಟೇ. ಎರಡು ವರ್ಷದೊಳಗೆ ಮಗು ಬೇಕು, ಆಮೇಲೆ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡಬೇಕು, ಯಾವುದಕ್ಕೆ ಹೂಂ ಅನ್ನಲಿ ಅಂತ ನಿಮ್ಮ ಪ್ರಶ್ನೆ. ಕೇಳಿದವರೆಲ್ಲ ಮೊದಲನೆಯದು ಅಂದಿರುತ್ತಾರೆ. ನಾನು ಅಷ್ಟು ಬೇಗ ಹಾಗೆ ಹೇಳಲ್ಲ.

ನಾನು ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದಿದ್ದು 2016ರ ನವೆಂಬರ್‌ನಲ್ಲಿ. ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಬಂದ ಹೊಸದರಲ್ಲಿ ನಾನೂ ನಿಮ್ಮ ಹಾಗೇ ವಾರಗಳನ್ನು ಎಣಿಸುತ್ತಿದ್ದೆ. ನಮ್ಮಲ್ಲಿ 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ಪೂರ್ತಿ ಸಂಬಳದ ರಜೆ ಕಾನೂನಿನಲ್ಲೇ ಇದೆ ಅಲ್ವಾ, ಇಂಗ್ಲೆಂಡಿನಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ ಅಂದುಕೊಂಡು ಎಲ್ಲರೂ ಬರುತ್ತಾರೆ. ರಜೆ ಜಾಸ್ತಿಯೇ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ 52 ವಾರದ ಹಕ್ಕು. ದುಡ್ಡು ಹಾಗಲ್ಲ. ಮೊದಲ 6 ವಾರ ಸಂಬಳದ ಶೇಕಡಾ 90, ಆಮೇಲೆ 33 ವಾರ ವಾರಕ್ಕೆ 187.18 ಪೌಂಡ್ (ಇದು 2025-26ರ ದರ), ಉಳಿದ 13 ವಾರ ಏನೂ ಇಲ್ಲ. ರೆಡಿಂಗ್‌ನಲ್ಲಿ ವಾರದ ಆ ದುಡ್ಡು ಬಾಡಿಗೆಗೂ ಸಾಲದು. ಆ ದುಡ್ಡು ಸಿಗುವುದಕ್ಕೂ ಹೆರಿಗೆಗೆ 15 ವಾರ ಇರುವ ಹೊತ್ತಿಗೆ ಅದೇ ಕಂಪನಿಯಲ್ಲಿ 26 ವಾರ ಆಗಿರಬೇಕು. ಅಂದರೆ ಬಸುರಿಯಾಗಿ ಬಂದು ಸೇರಿದರೆ ಸಿಗುವುದು ಕಷ್ಟ. ಆಗ ಸರ್ಕಾರವೇ ಕೊಡುವ ಮೆಟರ್ನಿಟಿ ಅಲೋವೆನ್ಸ್ ಅನ್ನುವ ಹೆರಿಗೆ ಭತ್ಯೆ ಬೇರೆ ಇದೆ, ಅದಕ್ಕೆ ಬೇರೆ ಲೆಕ್ಕ.

ಹಾಗಾಗಿ ಮೊದಲ ಕಂಪನಿಯ 20 ವಾರ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಪಾಲಿಸಿಯ ಪೂರ್ತಿ ಕಾಗದ ತರಿಸಿಕೊಂಡು ಓದಿ. ಎಷ್ಟು ತಿಂಗಳು ಕೆಲಸ ಮಾಡಿದ ಮೇಲೆ ಆ 20 ವಾರ ಅನ್ವಯ? ವಾಪಸ್ ಬಂದು ಎಷ್ಟು ದಿನ ಇರಬೇಕು, ಅಷ್ಟರೊಳಗೆ ಬಿಟ್ಟರೆ ದುಡ್ಡು ಹಿಂದೆ ಕೊಡಬೇಕಾ? ಪಾರ್ಟ್ ಟೈಮ್ ಆಗಿ ವಾಪಸ್ ಬಂದರೂ ಬಂದ ಹಾಗೇ ಲೆಕ್ಕವಾ? ಸರ್ಕಾರ ಹೇಳಿದ ಪಾಲನ್ನು ಯಾರೂ ವಾಪಸ್ ಕೇಳುವ ಹಾಗಿಲ್ಲ, ಕಂಪನಿ ಮೇಲೆ ಕೊಟ್ಟಿದ್ದನ್ನು ಕೇಳಬಹುದು. ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಎತ್ತಬೇಡಿ. ಆಫರ್ ಲೆಟರ್ ಬಂದ ಮೇಲೆ ಸ್ಟಾಫ್ ಹ್ಯಾಂಡ್‌ಬುಕ್ ಕಳಿಸಿ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿದರೆ ಸಾಕು, ಎಲ್ಲರೂ ಕೇಳುತ್ತಾರೆ. ಬಸುರಿ ಅಂತ ಕೆಲಸದಲ್ಲಿ ಭೇದ ಮಾಡುವ ಹಾಗಿಲ್ಲ, 2010ರ ಈಕ್ವಾಲಿಟಿ ಆ್ಯಕ್ಟ್ ಇದೆ. ಆದರೂ ಹೊಸ ದೇಶದಲ್ಲಿ, ಕೇಸು ಹಾಕುವ ಶಕ್ತಿ ಇಲ್ಲದಾಗ, ಸುಮ್ನೆ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು.

ಈಗ ನಾಲ್ಕು ದಿನದ ವಿಷಯ. ನಾನು ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕಾಗಿ.

ದಿನ ಕಡಿಮೆ ಮಾಡಿ ಅಂತ ಇಲ್ಲಿ ಯಾರು ಬೇಕಾದರೂ ಕೇಳಬಹುದು. 2024ರ ಏಪ್ರಿಲ್‌ನಿಂದ ಮೊದಲ ದಿನವೇ ಕೇಳುವ ಹಕ್ಕಿದೆ, ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಕಂಪನಿ ಒಪ್ಪಬಹುದು. ಆದರೆ ನಿಮ್ಮ ವೀಸಾ ಒಪ್ಪಬೇಕಲ್ಲ? 2025ರ ಜುಲೈನಿಂದ ಸ್ಕಿಲ್ಡ್ ವರ್ಕರ್ ವೀಸಾಗೆ, ಅಂದರೆ ಕಂಪನಿ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳುವ ಕೆಲಸದ ವೀಸಾಗೆ, ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಇರಲೇಬೇಕು. ಇದರ ಜೊತೆ ಒಂದೊಂದು ಕೆಲಸಕ್ಕೂ ಬೇರೆ ಕನಿಷ್ಠ ಸಂಬಳ ಅಂತ ಇರುತ್ತದೆ, ಅದು ಗಂಟೆ ಕಡಿಮೆಯಾದರೆ ಇಳಿಯುತ್ತದೆ. ಈ 41,700 ಇಳಿಯಲ್ಲ. ಹೆರಿಗೆ ರಜೆಯಲ್ಲಿ ಸಂಬಳ ಇಳಿದರೆ ಪರವಾಗಿಲ್ಲ, ಅದಕ್ಕೆ ವಿನಾಯಿತಿ ಇದೆ. ರಜೆ ಮುಗಿಸಿ ಪಾರ್ಟ್ ಟೈಮ್ ಬಂದರೆ ವಿನಾಯಿತಿ ಇಲ್ಲ. ಈಗ ಲೆಕ್ಕ ಹಾಕಿ. 46,000ದಲ್ಲಿ ನಾಲ್ಕು ದಿನ ಅಂದರೆ 36,800, ಆಗಲ್ಲ. 53,000ದಲ್ಲಿ ನಾಲ್ಕು ದಿನ ಅಂದರೆ 42,400, ಆಗುತ್ತದೆ.

ನನ್ನ ಕಾಲದಲ್ಲಿ ವೀಸಾ ಹೆಸರು ಬೇರೆ, ಮೊತ್ತ ಬೇರೆ, ಕಟ್ಟು ಮಾತ್ರ ಇದೇ. ಮಗಳು ಹುಟ್ಟಿದ ಮೇಲೆ ಮೂರು ದಿನ ಕೆಲಸ ಕೇಳಿದೆ, ಮ್ಯಾನೇಜರ್ ಸಂತೋಷದಿಂದ ಒಪ್ಪಿದರು. ಆಮೇಲೆ ವೀಸಾ ನೋಡಿಕೊಳ್ಳುವವರು ಸಂಬಳ ಮಿತಿಗಿಂತ ಕೆಳಗೆ ಹೋಗುತ್ತದೆ, ಸ್ಪಾನ್ಸರ್ ಮಾಡಲು ಆಗಲ್ಲ ಅಂದರು. ಬಾಣಂತನಕ್ಕೆ ಬಂದಿದ್ದ ಅಮ್ಮ ವಿಸಿಟರ್ ವೀಸಾದ ಆರು ತಿಂಗಳು ಮುಗಿಸಿ ಹೊರಟರು, ಮಗಳು ಐದೂ ದಿನ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನರ್ಸರಿಗೆ. ನರ್ಸರಿಯವರು ಒಳ್ಳೆಯವರು, ಅವರ ಮೇಲೆ ಒಂದು ಮಾತೂ ಇಲ್ಲ. ಐದು ವರ್ಷಕ್ಕೆ ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿ, ಬಂತು, ಮಾರನೇ ವಾರವೇ ಮೂರು ದಿನಕ್ಕೆ ಬರೆದುಕೊಟ್ಟೆ. ಅಷ್ಟರಲ್ಲಿ ಅವಳಿಗೆ ನಾಲ್ಕು ತುಂಬುತ್ತಾ ಬಂದಿತ್ತು, ಕೆಲವೇ ತಿಂಗಳಲ್ಲಿ ಶಾಲೆ ಶುರು. ಇವತ್ತಿಗೂ ಅಜ್ಜಿ ಫೋನಿನಲ್ಲಿ ಊಟ ಆಯ್ತೇನೇ ಚಿನ್ನಾ ಅಂದರೆ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್‌ನಲ್ಲಿ. ವಾರಕ್ಕೆ ಆ ಎರಡು ದಿನ ಮನೆಯಲ್ಲಿ ಸಿಕ್ಕಿದ್ದರೆ ಅನ್ನುವ ಸಂಕಟ ನನಗೆ ಹೋಗಿಲ್ಲ.

ನರ್ಸರಿ ಖರ್ಚನ್ನೂ ಸೇರಿಸಿಕೊಳ್ಳಿ. ಕೆಲಸ ಮಾಡುವ ತಂದೆ ತಾಯಿಗೆ ಇಂಗ್ಲೆಂಡಿನಲ್ಲಿ ಒಂಬತ್ತು ತಿಂಗಳ ಮಗುವಿನಿಂದಲೇ ವಾರಕ್ಕೆ 30 ಗಂಟೆ ಉಚಿತ ಅಂತ ಓದಿರುತ್ತೀರಿ. ಗಂಡ ಹೆಂಡತಿ ಇಬ್ಬರೂ ನಿಮ್ಮ ಹಾಗೆ ವೀಸಾದಲ್ಲಿದ್ದರೆ ಅದು ಸಿಗಲ್ಲ. ಮೂರು ವರ್ಷ ತುಂಬಿದ ಮೇಲಿನ 15 ಗಂಟೆ ಎಲ್ಲ ಮಕ್ಕಳಿಗೂ ಇದೆ. ಹೆರಿಗೆಗೆ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಬೇಕಿಲ್ಲ, ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಅನ್ನುವ ಆರೋಗ್ಯ ಶುಲ್ಕ ಕಟ್ಟಿಯೇ ಬರುತ್ತೀರಿ.

ಇನ್ನೊಂದು ಮಾತು. ನಿಮ್ಮ ಯಜಮಾನರು ಡಿಪೆಂಡೆಂಟ್ ಆಗಿ, ಅಂದರೆ ನಿಮ್ಮ ವೀಸಾದ ಆಧಾರದ ಮೇಲೆ, ಬರುತ್ತಾರೆ ಅಂದಿರಿ. ಅವರಿಗೆ ಈ ಸಂಬಳದ ಮಿತಿ ಇಲ್ಲ, ಮೂರು ದಿನ ಬೇಕಾದರೂ ಕೆಲಸ ಮಾಡಬಹುದು. ಊರಲ್ಲಿ ಹಿರಿಯರು ಏನಂತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಹೊರಡುವ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ.

ಚಳಿ, ಮನೆ, ಸೊಪ್ಪು ತರಕಾರಿ ಇದಕ್ಕೆಲ್ಲ ಚಿಂತೆ ಬೇಡ, ಬಂದ ಮೇಲೆ ತಾನೇ ಆಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ವಾರವೇ ಮೊದಲ ಕಂಪನಿಗೆ ಬರೆಯುತ್ತಿದ್ದೆ, ಇನ್ನೊಂದು ಕಡೆ 53,000 ಹೇಳಿದ್ದಾರೆ ಅಂತ. ನಾಲ್ಕು ದಿನಕ್ಕೆ ವೀಸಾ ಉಳಿಯಬೇಕಾದರೆ ಐದು ದಿನದ ಸಂಬಳ ಕನಿಷ್ಠ 52,125 ಇರಬೇಕು. ಅಲ್ಲಿವರೆಗೆ ಏರಿಸಿದರೆ 20 ವಾರದ ಜೊತೆ ಅದನ್ನೇ ತೆಗೆದುಕೊಳ್ಳಿ. ಏರಿಸದಿದ್ದರೆ ಎರಡನೆಯದು. ಆದರೆ ಮಿತಿ ಪದೇ ಪದೇ ಏರುತ್ತಿದೆ, ಸಹಿ ಹಾಕುವ ದಿನ ಯಾವ ಮೊತ್ತ ಅಂತ ಸರ್ಕಾರದ ವೆಬ್‌ಸೈಟ್‌ನಲ್ಲೇ ಇನ್ನೊಮ್ಮೆ ನೋಡಿಕೊಳ್ಳಿ.