ಕಡಿಮೆ ಪ್ರಾತಿನಿಧ್ಯದ ಸಮುದಾಯಗಳ ಬಯೋಮೆಡಿಕಲ್ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವಿಭಾಗ ಹೇಗೆ ಬೆಂಬಲ ಕೊಡಬೇಕು?

ಪ್ರವೇಶ ಕೊಟ್ಟಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡರೆ ಅಲ್ಲೇ ಎಡವುತ್ತೀರಿ. ಒಳ್ಳೆಯ ವಿದ್ಯಾರ್ಥಿಯನ್ನೂ ಕಂಗೆಡಿಸುವುದು ಯಾರೂ ಬಾಯಿಬಿಟ್ಟು ಹೇಳದ ನಿಯಮಗಳು, ದುಡ್ಡಿನ ಮುಗ್ಗಟ್ಟು ಮತ್ತು ಒಬ್ಬರೇ ಗೈಡ್ ಮೇಲಿನ ಪೂರ್ತಿ ಅವಲಂಬನೆ.

ಮೊದಲ ವರ್ಷದ ಲ್ಯಾಬ್ ರೊಟೇಶನ್‌ಗೆ (ಒಂದನ್ನು ಆರಿಸಿಕೊಳ್ಳುವ ಮೊದಲು ಹಲವು ಲ್ಯಾಬ್‌ಗಳಲ್ಲಿ ಸ್ವಲ್ಪ ಸ್ವಲ್ಪ ಕಾಲ ಕೆಲಸ ಮಾಡುವುದು) ಮುಂಚೆಯೇ ಯಾವ ಲ್ಯಾಬಿನಲ್ಲಿ ಅನುದಾನ ಉಳಿದಿದೆ, ಯಾರು ಹೊಸಬರನ್ನು ಸೇರಿಸಿಕೊಳ್ಳುತ್ತಾರೆ ಎಂಬ ಪಟ್ಟಿಯನ್ನು ಎಲ್ಲರಿಗೂ ಕೊಡಿ. ಇಲ್ಲದಿದ್ದರೆ ಅದು ಹಿರಿಯರ ಪರಿಚಯವಿದ್ದವರಿಗೆ ಮಾತ್ರ ಸಿಗುವ ಮಾಹಿತಿ.

ಸಮ್ಮೇಳನದ ಟಿಕೆಟ್, ನೋಂದಣಿ ಶುಲ್ಕವನ್ನು ವಿಭಾಗವೇ ನೇರವಾಗಿ ಕಟ್ಟಲಿ. 'ಮೊದಲು ಖರ್ಚು ಮಾಡಿ, ಆಮೇಲೆ ರಸೀದಿ ಕೊಡಿ' ಎಂದರೆ ಕೂಡಿಟ್ಟ ಹಣವಿಲ್ಲದವರು ಕಾರಣ ಹೇಳದೆ ಹಿಂದೆ ಸರಿಯುತ್ತಾರೆ, ನಾವದನ್ನು ನಿರಾಸಕ್ತಿ ಎಂದು ತಪ್ಪು ತಿಳಿಯುತ್ತೇವೆ.

ಗೈಡ್ ಜೊತೆ ಲಿಖಿತ ಒಪ್ಪಂದವಿರಲಿ: ವಾರಕ್ಕೆಷ್ಟು ಭೇಟಿ, ಕರಡು ಎಷ್ಟು ದಿನದಲ್ಲಿ ವಾಪಸ್, ಲೇಖಕರ ಕ್ರಮ ಹೇಗೆ, ರಜೆ ಎಷ್ಟು. ಸ್ಟೈಪೆಂಡ್ ಮೇಲೆ ಹಿಡಿತವಿಲ್ಲದ ಎರಡನೇ ಮಾರ್ಗದರ್ಶಕರು ಲ್ಯಾಬಿನ ಹೊರಗೆ ಬೇಕೇ ಬೇಕು. ಆರು ತಿಂಗಳಿಗೊಮ್ಮೆ ಪಿಎಚ್‌ಡಿ ಪ್ರಬಂಧ ಸಮಿತಿ ಸೇರಿದಾಗ, ವಿದ್ಯಾರ್ಥಿ ಮುಕ್ತವಾಗಿ ಮಾತಾಡುವಂತೆ ಕೊನೆಯ 10 ನಿಮಿಷ ಗೈಡ್ ಹೊರಗಿರಲಿ. ಇದನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿ; ಕೆಲವರಿಗಷ್ಟೇ ಮಾಡಿದರೆ ದೂರು ಕೊಟ್ಟವರೆಂದು ಗುರುತಾಗುತ್ತಾರೆ.

ಅಮೆರಿಕದಲ್ಲಿ ಎನ್‌ಐಎಚ್‌ (ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು) ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಡುವ ಎಫ್31 ಫೆಲೋಶಿಪ್‌ಗೆ ಅರ್ಜಿ ಬರೆಯುವವರಿಗೆ ಗೆದ್ದ ಹಳೆಯ ಅರ್ಜಿಗಳನ್ನು, ಬರೆದವರ ಒಪ್ಪಿಗೆ ಪಡೆದು, ತೋರಿಸಿ. ಅರ್ಜಿಯಲ್ಲಿನ ಒಂದು ಪುಟದ ಸಂಶೋಧನಾ ಗುರಿಗಳ ಹಾಳೆಯನ್ನು ಕೊನೆಯ ದಿನಕ್ಕಿಂತ ಎರಡು ತಿಂಗಳು ಮೊದಲೇ ತಿದ್ದಲು ಕೂರಿ. ತಿರಸ್ಕೃತವಾದರೆ ವಿಮರ್ಶಕರ ಟಿಪ್ಪಣಿಗಳನ್ನು ಜೊತೆಗೆ ಕೂತು ಓದಿ. ಮೊದಲ ಸಲ್ಲಿಕೆಯಿಂದ 37 ತಿಂಗಳೊಳಗೆ ಒಮ್ಮೆ ಮರುಸಲ್ಲಿಕೆಗೆ ಅವಕಾಶವಿದೆ ಎಂಬುದು ಹಲವರಿಗೆ ಗೊತ್ತೇ ಇರುವುದಿಲ್ಲ.

ಇನ್ನೊಂದು: ವೈವಿಧ್ಯದ ಪ್ರತಿ ಸಮಿತಿಗೂ ಅದೇ ವಿದ್ಯಾರ್ಥಿಯನ್ನು ಎಳೆಯಬೇಡಿ. ಅವರ ಪ್ರಯೋಗದ ಸಮಯವೇ ಅಲ್ಲಿ ಕರಗುತ್ತದೆ.