ಆಪರೇಷನ್ ಆದ ಜಾಗದಲ್ಲೇ ಸ್ಕ್ಯಾನ್‌ನಲ್ಲಿ ಹೊಳೀತೈತೆ ಅಂದ್ರೆ ಕ್ಯಾನ್ಸರ್ ವಾಪಸ್ ಬಂತಾ?

ಅಮ್ಮಂಗೆ 2 ವರ್ಷದ ಹಿಂದೆ ಸ್ತನದ ಗಡ್ಡೆ ತೆಗೆಸಿ ರೇಡಿಯೇಷನ್ ಕೊಡಿಸಿದ್ವಿ, ಈಗ ಪೆಟ್ ಸ್ಕ್ಯಾನ್‌ನಲ್ಲಿ ಹೊಲಿಗೆ ಜಾಗದಲ್ಲೇ ಗಂಟು ಹೊಳೀತೈತೆ, 'ರಿಕರೆನ್ಸ್ ಇರಬಹುದು', ಅಂದ್ರೆ ಕ್ಯಾನ್ಸರ್ ವಾಪಸ್ ಬಂದಿರಬಹುದು, ಅಂತ ಬರೆದಿದಾರೆ ಅಂತ ಕೇಳಿದೀರಿ. ನಾನು ಡಾಕ್ಟ್ರಲ್ಲ, ದಾವಣಗೆರೆಲಿ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಟೆಕ್ನಿಷಿಯನ್. ಆ 'ಇರಬಹುದು' ಅನ್ನೋದನ್ನ ಮನೆಯವ್ರು 'ಐತೆ' ಅಂತ ಓದ್ಕೊಂಡು ಕೌಂಟರ್ ಮುಂದೇನೇ ಅಳೋದನ್ನ ದಿನಾ ನೋಡ್ತೀನಿ, ಅದಕ್ಕೇ ಬರೀತಿದೀನಿ.

ಪೆಟ್‌ನಲ್ಲಿ ಕೊಡೋ ಇಂಜೆಕ್ಷನ್ ಸಕ್ಕರೆ ಥರದ್ದು, ಮೈಯಲ್ಲಿ ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತೋ ಅಲ್ಲಿ ಹೊಳೆಯುತ್ತೆ, ಕ್ಯಾನ್ಸರ್ ಕಣ ಜಾಸ್ತಿ ಎಳ್ಕೊಳ್ಳುತ್ತೆ ನಿಜ, ಆದ್ರೆ ಗಾಯ ಮಾಯೋ ಜಾಗ, ಉರಿಯೂತ, ಟಿಬಿ ಗಂಟು, ಇವೂ ಎಳ್ಕೊಳ್ತವೆ. ಕೈಗೆ ಇತ್ತೀಚೆಗೆ ವ್ಯಾಕ್ಸಿನ್ ಹಾಕಿಸಿದ್ರೆ ಆ ಕಡೆ ಕಂಕಳಿನ ಗ್ರಂಥಿನೂ ಹೊಳೀಬಹುದು. ರಿಪೋರ್ಟಲ್ಲಿ ಎಸ್‌ಯುವಿ ಅಂತ, ಎಷ್ಟು ಹೊಳೀತೈತೆ ಅಂತ ತೋರಿಸೋ ಒಂದು ನಂಬರ್ ಇರುತ್ತಲ್ಲ, ಅದು ಜಾಸ್ತಿ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಗೂಗಲ್ ಮಾಡ್ಕೊಂಡು ಕೂರಬೇಡ್ರಿ.

ನಿಮ್ಮ ಕೇಸಲ್ಲಿ ಮೊದಲು ಯೋಚನೆಗೆ ಬರೋದು ಫ್ಯಾಟ್ ನೆಕ್ರೋಸಿಸ್. ಆಪರೇಷನ್ ಮತ್ತೆ ರೇಡಿಯೇಷನ್‌ನಿಂದ ಅಲ್ಲಿನ ಕೊಬ್ಬಿಗೆ ರಕ್ತ ಸರಿಯಾಗಿ ಹೋಗದೆ ಅದು ಸತ್ತು ಗಟ್ಟಿಯಾಗುತ್ತೆ. ತಿಂಗಳುಗಟ್ಟಲೆ ಬಿಟ್ಟು, ಎಷ್ಟೋ ಸಲ ವರ್ಷಗಳ ಮೇಲೂ ಕಾಣಿಸ್ಕೊಳ್ಳುತ್ತೆ. ಕೈಗೆ ಕಲ್ಲಿನ ಥರ ಸಿಗುತ್ತೆ, ಮೇಲಿನ ಚರ್ಮನೂ ಒಳಗೆ ಎಳ್ಕೋಬಹುದು, ಥೇಟ್ ಕ್ಯಾನ್ಸರ್ ಥರಾನೇ. ಕೆಲವರಿಗೆ ಮ್ಯಾಮೊಗ್ರಾಮ್‌ನಲ್ಲಿ ಒಳಗೆ ಎಣ್ಣೆ, ಸುತ್ತ ಮೊಟ್ಟೆ ಚಿಪ್ಪಿನಂಗೆ ತೆಳ್ಳಗೆ ಬಿಳಿ ಗೆರೆ ಕಾಣುತ್ತೆ, ಅಂಥದ್ದನ್ನ ರೇಡಿಯಾಲಜಿಸ್ಟ್ ಅಲ್ಲೇ ಹೇಳಿಬಿಡ್ತಾರೆ, ಏನೂ ಮಾಡಬೇಕಾಗಲ್ಲ. ಆದ್ರೆ ಎಲ್ಲ ಕೇಸಲ್ಲೂ ಅಷ್ಟು ಚೆನ್ನಾಗಿ ಕಾಣಲ್ಲ, ಕೆಲವು ಸಲ ಅಂಚು ಮುಳ್ಳುಮುಳ್ಳಾಗಿರುತ್ತೆ, ಆವಾಗ ಎಂಥ ಡಾಕ್ಟ್ರಿಗೂ ಬರೀ ಫೋಟೋ ನೋಡಿ ಹೇಳಕ್ಕಾಗಲ್ಲ. ಒಳಗಿನ ಹೊಲಿಗೆ ದಾರದ ಸುತ್ತ ಕಟ್ಕೊಳ್ಳೋ ಗಂಟೂ ಹಿಂಗೇ ಮೋಸ ಮಾಡುತ್ತೆ.

ಹಂಗಂತ ಏನೂ ಇರಲ್ಲ ಬಿಡ್ರಿ ಅಂತ ನಾನು ಹೇಳಲ್ಲ, ಅದೇ ಜಾಗದಲ್ಲಿ ನಿಜವಾಗ್ಲೂ ವಾಪಸ್ ಬರೋದೂ ಉಂಟು. ಅದಕ್ಕೇ ಬಯಾಪ್ಸಿ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ದಪ್ಪ ಸೂಜಿಲಿ ಚೂರು ತೆಗೀತಾರೆ, ಅಡ್ಮಿಟ್ ಆಗೋದೂ ಸಾಮಾನ್ಯವಾಗಿ ಬೇಕಾಗಲ್ಲ. ಸೂಜಿ ಚುಚ್ಚಿದ್ರೆ ಹರಡುತ್ತೆ ಅಂತ ನಮ್ಮ ಕಡೆ ಜನ ಹೆದರಿಸ್ತಾರೆ, ಆ ಮಾತು ಕೇಳಿ ಸ್ತನದ ಬಯಾಪ್ಸಿ ಬಿಡಬೇಡ್ರಿ. ಬಯಾಪ್ಸಿ ಇಲ್ದೆ ಯಾರಾದ್ರೂ ನೇರ ಕೀಮೋ ಶುರು ಮಾಡೋಣ ಅಂದ್ರೆ ಯಾಕೆ ಅಂತ ಕೇಳ್ರಿ, ಅಕಸ್ಮಾತ್ ಕ್ಯಾನ್ಸರ್ರೇ ಆಗಿದ್ರೂ ಇಆರ್, ಪಿಆರ್, ಹರ್2 (ಯಾವ ಔಷಧಿ ನಾಟುತ್ತೆ ಅಂತ ತಿಳಿಸೋ ಟೆಸ್ಟುಗಳು) ಮತ್ತೆ ನೋಡ್ಬೇಕು, ಹಳೇದಕ್ಕಿಂತ ಬದಲಾಗಿರಬಹುದು, ಔಷಧಿನೂ ಬದಲಾಗುತ್ತೆ. ಫ್ಯಾಟ್ ನೆಕ್ರೋಸಿಸ್ ಅಂತ ಬಂದ್ರೂ, ಈ ರಿಸಲ್ಟು ಸ್ಕ್ಯಾನ್‌ಗೆ ಹೊಂದುತ್ತಾ ಅಂತ ಒಂದ್ ಮಾತು ಕೇಳ್ರಿ, ಹೊಂದದೇ ಇದ್ರೆ ಮತ್ತೆ ಚೂರು ತೆಗೀಬೇಕಾಗುತ್ತೆ.

ಹೋಗುವಾಗ ಹಳೇ ಮ್ಯಾಮೊಗ್ರಾಮ್ ಫಿಲ್ಮು, ಸಿಡಿ, ಆಪರೇಷನ್ ಚೀಟಿ, ರೇಡಿಯೇಷನ್ ಮುಗಿದ ತಾರೀಖು ಎಲ್ಲ ತಗೊಂಡ್ ಹೋಗ್ರಿ. ಜಗಳೂರು, ಚನ್ನಗಿರಿ ಕಡೆಯಿಂದ ಬರೋರು ಹೊಸ ರಿಪೋರ್ಟ್ ಒಂದನ್ನೇ ಮಡಚಿ ಜೇಬಲ್ಲಿಟ್ಕೊಂಡು ಬರ್ತಾರೆ, ಫಿಲ್ಮ್ ಎಲ್ಲಿ ಅಂದ್ರೆ ಹಾಸಿಗೆ ಕೆಳಗೈತೆ ಅಂತಾರೆ. ಆ ಗಂಟು ಹೋದ ವರ್ಷಾನೂ ಇತ್ತಾ, ಬೆಳೆದೈತಾ, ಕುಗ್ಗೈತಾ ಅನ್ನೋದು ಹಳೇ ಫಿಲ್ಮ್ ಪಕ್ಕದಲ್ಲಿಟ್ಟು ನೋಡಿದ್ರೇನೇ ಗೊತ್ತಾಗೋದು.